ಮಾರ್ಫಾ ಎಂಬ ಮಣ್ಣಿನ ಮನೆಗಳ ಊರು



ನಮ್ಮ ಪತ್ರಿಕೆಯ ಚಂದಾದಾರರಲ್ಲಿ ಮಕ್ಕಳನ್ನು ಅಮೆರಿಕಕ್ಕೆ ಕಳುಹಿಸಿರುವ ಮನೆತನಗಳು ಈಗ ಒಂದೆರಡಲ್ಲ. ಹೂಸ್ಟನ್, ಡಲ್ಲಾಸ್, ಆಸ್ಟಿನ್ ನಗರಗಳಿಗೆ ಹೋಗಿ, ಮೊಮ್ಮಕ್ಕಳನ್ನು ಆಡಿಸಿ ಹಿಂದಿರುಗುವ ಹಿರಿಯರು ಅಲ್ಲಿಯ ಹೆದ್ದಾರಿಗಳನ್ನೂ ವ್ಯೋಮಕೇಂದ್ರವನ್ನೂ ಬಣ್ಣಿಸುವುದುಂಟು. ಇತ್ತೀಚೆಗೆ ಹಾಗೆ ಹೋಗಿಬಂದ ವೃದ್ಧ ದಂಪತಿಗಳು ಬೇರೊಂದು ಮಾತನ್ನೆತ್ತಿದರು. "ಗುರುಗಳೇ, ಮಗ ನಮ್ಮನ್ನು ಎಂಟು ತಾಸು ಕಾರಿನಲ್ಲಿ ಕೂರಿಸಿಕೊಂಡು ಮರುಭೂಮಿಯ ಒಂದು ಹಳ್ಳಿಗೆ ಕರೆದೊಯ್ದ. ಅಲ್ಲಿ ದೊಡ್ಡ ಕೊಟ್ಟಿಗೆಯಂಥ ಕಟ್ಟಡದೊಳಗೆ ಬರೀ ಖಾಲಿ ಪೆಟ್ಟಿಗೆಗಳು. ಅದನ್ನು ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ, ದುಬಾರಿ ಬಾಡಿಗೆ ತೆತ್ತು ಉಳಿಯುತ್ತಾರೆ. ಇದರ ಮರ್ಮವೇನು?" ಎಂದು ಕೇಳಿದರು. ಆ ಊರಿನ ಹೆಸರು ಮಾರ್ಫಾ. ಅವರ ಪ್ರಶ್ನೆಗೆ ಒಂದೆರಡು ಮಾತಿನ ಉತ್ತರ ಸಾಲದಾದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಟೆಕ್ಸಾಸ್ ರಾಜ್ಯದ ಪಶ್ಚಿಮ ಭಾಗದಲ್ಲಿ, ಮೆಕ್ಸಿಕೊ ದೇಶದ ಗಡಿಯಿಂದ ಸುಮಾರು 60 ಮೈಲಿ ಒಳಗೆ, ಚಿವಾವಾ ಮರುಭೂಮಿಯ ಎತ್ತರದ ಬಯಲಿನಲ್ಲಿ ಈ ಊರಿದೆ. ಸಮುದ್ರಮಟ್ಟದಿಂದ ಸುಮಾರು 4,700 ಅಡಿ ಎತ್ತರ. ಮರುಭೂಮಿ ಎಂದೊಡನೆ ನಮ್ಮ ಕಣ್ಣಿಗೆ ಮರಳಿನ ದಿಬ್ಬಗಳು ಬರುತ್ತವೆ. ಇಲ್ಲಿ ಹಾಗಿಲ್ಲ. ಕಣ್ಣು ಹಾಯುವಷ್ಟು ದೂರ ಒಣಗಿದ ಹೊಂಬಣ್ಣದ ಹುಲ್ಲು, ಅಂಚಿನಲ್ಲಿ ನೀಲಿ ಬೆಟ್ಟಗಳ ಸಾಲು, ಮೇಲೆ ಅಪಾರವಾದ ಆಕಾಶ. 2020ರ ಜನಗಣತಿಯಂತೆ ಜನಸಂಖ್ಯೆ 1,788. ನಮ್ಮ ನಾಡಿನಲ್ಲಿ ಇಷ್ಟು ಜನರಿರುವ ಸ್ಥಳವನ್ನು ಯಾರೂ ಪಟ್ಟಣವೆನ್ನರು. ಆದರೂ ಮಾರ್ಫಾ ಪ್ರೆಸಿಡಿಯೊ ಎಂಬ ವಿಶಾಲ ಜಿಲ್ಲೆಯ ಆಡಳಿತ ಕೇಂದ್ರ. ಊರಿನ ನಡುವೆ 1886ರಲ್ಲಿ ಕಟ್ಟಿದ ಗುಮ್ಮಟವುಳ್ಳ ನ್ಯಾಯಾಲಯ ಇಂದಿಗೂ ತಲೆಯೆತ್ತಿ ನಿಂತಿದೆ.

ಈ ಊರಿನ ಜನ್ಮಕ್ಕೆ ಕಾರಣ ನೀರು. 1880ರ ದಶಕದ ಆರಂಭದಲ್ಲಿ ರೈಲುಮಾರ್ಗ ಈ ಬಯಲನ್ನು ದಾಟಿದಾಗ ಉಗಿಬಂಡಿಗಳಿಗೆ ನೀರು ತುಂಬಿಸಲು ಒಂದು ನಿಲುಗಡೆ ಬೇಕಾಯಿತು. ಅದಕ್ಕೆ ಇಟ್ಟ ಹೆಸರಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ರೈಲ್ವೆ ಅಧಿಕಾರಿಯೊಬ್ಬರ ಪತ್ನಿ ರಷ್ಯದ ದಾಸ್ತೋವ್‌ಸ್ಕಿಯ 'ಕರಮಜೋವ್ ಸೋದರರು' ಕಾದಂಬರಿಯನ್ನು ಓದುತ್ತಿದ್ದು, ಅದರಲ್ಲಿ ಬರುವ ಮನೆಗೆಲಸದಾಕೆಯ ಹೆಸರನ್ನು ಇಟ್ಟರೆಂದು ಊರಿನವರು ಹೇಳುತ್ತ ಬಂದರು. ಆದರೆ ಆ ಕಾದಂಬರಿಯ ಇಂಗ್ಲಿಷ್ ಅನುವಾದ ಹೊರಬಂದದ್ದು 1912ರಲ್ಲಿ. ಫ್ರಾನ್ಸಿನ ಜೂಲ್ ವೆರ್ನ್ ಬರೆದ 'ಮೈಕೆಲ್ ಸ್ತ್ರೊಗೋಫ್' ಕಥೆಯ ನಾಯಕನ ತಾಯಿಯ ಹೆಸರೂ ಮಾರ್ಫಾ. ಅಲ್ಲಿಂದ ಬಂದಿತೆಂಬ ವಾದವೇ ನನಗೆ ಹೆಚ್ಚು ಒಪ್ಪಿಗೆ. ದಾಸಿಯ ಹೆಸರಾಗಲಿ, ವೀರಮಾತೆಯ ಹೆಸರಾಗಲಿ, ಗ್ರಂಥದೊಳಗಿಂದ ಎದ್ದುಬಂದ ಹೆಸರುಳ್ಳ ಊರುಗಳು ಲೋಕದಲ್ಲಿ ವಿರಳ.

ದನ, ಕುರಿ, ಉಣ್ಣೆ - ಇವು ಆ ಊರಿನ ಮೊದಲ ಜೀವನಾಧಾರಗಳು. ಮೆಕ್ಸಿಕೊದಲ್ಲಿ ಕ್ರಾಂತಿ ನಡೆಯುತ್ತಿದ್ದ ಕಾಲಕ್ಕೆ, 1911ರಲ್ಲಿ, ಗಡಿಯನ್ನು ಕಾಯಲು ಸೈನ್ಯ ಬಂದು ಬೀಡುಬಿಟ್ಟಿತು. ಮುಂದೆ ಅದು ಡಿ. ಎ. ರಸೆಲ್ ಕೋಟೆಯೆನಿಸಿತು. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಯೋಧರನ್ನು ಅಲ್ಲಿ ಇರಿಸಿದ್ದರು. ಫಿರಂಗಿ ಕೊಠಡಿಯ ಗೋಡೆಯ ಮೇಲೆ ಜರ್ಮನ್ ಭಾಷೆಯ ಬರಹ ಈಗಲೂ ಉಳಿದಿದೆ. 1946ರಲ್ಲಿ ಕೋಟೆ ಮುಚ್ಚಿತು. ಅದರ ಬೆನ್ನಿಗೇ 1950ರ ದಶಕದ ಭೀಕರ ಬರ ಬಂದು ದನಗಳ ವ್ಯಾಪಾರವನ್ನು ಮುರಿಯಿತು. 1930ರ ಸುಮಾರಿಗೆ ನಾಲ್ಕು ಸಾವಿರದ ಸಮೀಪವಿದ್ದ ಜನಸಂಖ್ಯೆ ಇಳಿಯತೊಡಗಿತು. ಬ್ಯಾಂಕು, ಕಿರಾಣಿ ಮಳಿಗೆ, ಉಣ್ಣೆಯ ಗೋದಾಮು ಒಂದೊಂದಾಗಿ ಬೀಗ ಕಂಡವು. ಮಳೆ ಕೈಕೊಟ್ಟು, ದುಡಿಮೆ ತಪ್ಪಿ, ಜನ ಗುಳೆ ಹೋದ ಊರು ಹೇಗಿರುತ್ತದೆಂಬುದನ್ನು ನಮ್ಮ ಬಯಲುಸೀಮೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಆ ಬರಗಾಲದ ನಡುವೆ, 1955ರ ಬೇಸಿಗೆಯಲ್ಲಿ, ಹಾಲಿವುಡ್ಡಿನ 'ಜೈಂಟ್' ಚಿತ್ರದ ತಂಡ ಮಾರ್ಫಾಕ್ಕೆ ಬಂದಿಳಿದದ್ದು ಊರಿನವರ ಪಾಲಿಗೆ ಒಂದು ಹಬ್ಬವೇ ಆಯಿತು. ಎಲಿಜಬೆತ್ ಟೇಲರ್, ರಾಕ್ ಹಡ್ಸನ್, ಜೇಮ್ಸ್ ಡೀನ್ ಇದರ ತಾರೆಯರು. ಹೆನ್ರಿ ಟ್ರಾಸ್ಟ್ ವಿನ್ಯಾಸ ಮಾಡಿದ, 1930ರಲ್ಲಿ ತೆರೆದ ಪೈಸಾನೊ ಹೋಟೆಲು ಅವರೆಲ್ಲರ ಕೇಂದ್ರವಾಗಿತ್ತು. ಊರಾಚೆಯ ಹುಲ್ಲುಗಾವಲಿನಲ್ಲಿ ಚಿತ್ರಕ್ಕಾಗಿ ಒಂದು ಭವ್ಯ ಬಂಗಲೆಯನ್ನು ಎಬ್ಬಿಸಿದರು; ಅದಕ್ಕೆ ಮುಂಭಾಗವುಂಟು, ಒಳಗೇನೂ ಇಲ್ಲ. ಚಿತ್ರೀಕರಣ ಮುಗಿಯಿತು, ತಾರೆಯರು ಹೋದರು, ಬಂಗಲೆಯ ಮುಖ ಗಾಳಿಮಳೆಗೆ ಕುಸಿಯಿತು. ಪೈಸಾನೊ ಹೋಟೆಲೂ ಮಂಕಾಗಿ, 2001ರಲ್ಲಿ ಹರಾಜಿಗೆ ಬಂದು, ಹೊಸ ಒಡೆಯರ ಕೈಯಲ್ಲಿ ದುರಸ್ತಿಗೊಂಡು ಮತ್ತೆ ತಲೆಯೆತ್ತಿತು. ಆ ಚಿತ್ರವನ್ನು ನೆನೆದು ಅಲ್ಲಿ ಉಳಿಯಲು ಬರುವವರು ಈಗಲೂ ಇದ್ದಾರೆ.

ಇನ್ನು ಖಾಲಿ ಪೆಟ್ಟಿಗೆಗಳ ವಿಷಯ. ಡೊನಾಲ್ಡ್ ಜಡ್ (1928-1994) ನ್ಯೂಯಾರ್ಕಿನ ಪ್ರಸಿದ್ಧ ಕಲಾವಿದ. ವಸ್ತುಪ್ರದರ್ಶನ ಶಾಲೆಗಳ ಮೇಲೆ ಅವನಿಗೆ ಅಸಮಾಧಾನವಿತ್ತು. ಕೃತಿಯನ್ನು ಇಂದು ಇಲ್ಲಿಟ್ಟು, ನಾಳೆ ಕಟ್ಟಿ ಒಯ್ದು, ನಾಡಿದ್ದು ಇನ್ನೊಂದೆಡೆ ಬಿಚ್ಚುವ ಪದ್ಧತಿಯಿಂದ ಕಲೆ ಸರಕಾಗುತ್ತದೆ ಎಂಬುದು ಅವನ ಮತ. ಕೃತಿಗೆ ತಕ್ಕ ನೆಲ, ನೆಲಕ್ಕೆ ತಕ್ಕ ಬೆಳಕು ದೊರೆತ ಮೇಲೆ ಅದು ಅಲ್ಲಿಯೇ ಸ್ಥಿರವಾಗಿರಬೇಕೆಂದು ಅವನು ಬಯಸಿದನು. 1971ರಲ್ಲಿ ಮಾರ್ಫಾವನ್ನು ಮೊದಲು ಕಂಡವನು, 1973ರಿಂದ ಅಲ್ಲಿ ಹಳೆಯ ಕಟ್ಟಡಗಳನ್ನು ಕೊಳ್ಳತೊಡಗಿದನು. ಮುಂದೆ ಡಿಯಾ ಎಂಬ ಕಲಾಸಂಸ್ಥೆ ತೈಲಸಂಪತ್ತಿನ ಬೆಂಬಲದಿಂದ ಹಣ ಒದಗಿಸಿ, ಮುಚ್ಚಿಹೋಗಿದ್ದ ಸೈನ್ಯದ ಕೋಟೆಯನ್ನು ಅವನ ಕೆಲಸಕ್ಕೆ ದೊರಕಿಸಿತು. 1980ರ ದಶಕದಲ್ಲಿ ತೈಲದ ಬೆಲೆ ಕುಸಿದು ಹಣದ ಹರಿವು ತಗ್ಗಿತು. ನ್ಯಾಯಾಲಯಕ್ಕೆ ಹೋಗುವ ಮಾತೂ ಬಂದು, ಕೊನೆಗೆ 1986ರಲ್ಲಿ ಚಿನಾಟಿ ಪ್ರತಿಷ್ಠಾನ ಎಂಬ ಸ್ವತಂತ್ರ ಸಂಸ್ಥೆಯಾಗಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಚಿನಾಟಿ ಎಂಬುದು ಆ ಸೀಮೆಯ ಒಂದು ಬೆಟ್ಟದ ಹೆಸರು.

ಫಿರಂಗಿಗಳನ್ನಿಡುತ್ತಿದ್ದ ಎರಡು ಉದ್ದನೆಯ ಕೊಠಡಿಗಳಿವೆ. ಅವುಗಳ ಚಪ್ಪಟೆ ಮಾಳಿಗೆ ಸೋರುತ್ತಿತ್ತು. ಜಡ್ ಅದರ ಮೇಲೆ ಕಮಾನಿನಾಕಾರದ ತಗಡಿನ ಛಾವಣಿಯನ್ನು ಹೊದಿಸಿದನು. ಪಕ್ಕದ ಬಾಗಿಲುಗಳನ್ನು ತೆಗೆಸಿ ನೆಲದಿಂದೆದ್ದ ಗಾಜಿನ ಕಿಟಕಿಗಳನ್ನು ಕೂರಿಸಿದನು. ಒಳಗೆ ನೂರು ಅಲ್ಯೂಮಿನಿಯಂ ಪೆಟ್ಟಿಗೆಗಳು, 1982ರಿಂದ 1986ರವರೆಗೆ ಸಿದ್ಧವಾದವು. ಎಲ್ಲದರ ಹೊರ ಅಳತೆಯೂ ಒಂದೇ: 41, 51, 72 ಅಂಗುಲ. ಆದರೆ ಒಳಗಿನ ವಿಭಾಗ ಒಂದರಂತೆ ಇನ್ನೊಂದಿಲ್ಲ. ಒಂದಕ್ಕೆ ಓರೆಯಾದ ಹಲಗೆ, ಒಂದಕ್ಕೆ ಇಬ್ಬಗೆಯ ಗೋಡೆ, ಒಂದು ಪೂರ್ಣ ಮುಚ್ಚಿದೆ, ಒಂದು ಪಕ್ಕಕ್ಕೆ ತೆರೆದಿದೆ. ನಾನು ಅಲ್ಲಿಗೆ ಹೋದಾಗ ಮೊದಲ ಕಾಲುಗಂಟೆ ಆ ವೃದ್ಧ ದಂಪತಿಗಳಿಗಾದಂತೆಯೇ ನನಗೂ ಇದೇನು ಲೋಹದ ಗೋದಾಮೆನಿಸಿತು. ಅಷ್ಟರಲ್ಲಿ ಮೋಡ ಸರಿದು ಬಿಸಿಲು ಓರೆಯಾಗಿ ಒಳನುಗ್ಗಿತು. ಹತ್ತಿರದ ಪೆಟ್ಟಿಗೆ ಹೊರಗಿನ ಹುಲ್ಲಿನ ಬಣ್ಣ ತಾಳಿತು. ಅದರಾಚೆಯದು ಆಕಾಶದ ನೀಲಿಯಾಯಿತು. ಮೂರನೆಯದರ ಅಂಚುಗಳು ಕರಗಿ ಅದು ಇದೆಯೋ ಇಲ್ಲವೋ ಎಂಬಂತಾಯಿತು. ಲೋಹವೆಂಬುದು ನೀರಿನಂತೆ ತೋರಿತು. ಕೂತು ನೋಡುವ ತಾಳ್ಮೆಯುಳ್ಳವರಿಗೆ ಅಲ್ಲಿ ನೋಡುವಂಥದು ಖಂಡಿತ ಇದೆ. ದೃಷ್ಟಿಯನ್ನು ಒಂದೆಡೆ ನಿಲ್ಲಿಸಿ ನೋಡುವ ಅಭ್ಯಾಸ ಲಿಂಗಪೂಜೆಯಿಂದ ನಮ್ಮವರಿಗೆ ಹೊಸದಲ್ಲವಾದ್ದರಿಂದ, ನಮ್ಮ ಹಿರಿಯರು ಅಲ್ಲಿ ಅರ್ಧ ಗಂಟೆ ಹೆಚ್ಚು ಕುಳಿತಿದ್ದರೆ ಪ್ರಶ್ನೆ ಬೇರೆಯಾಗುತ್ತಿತ್ತೇನೋ.

ಹೊರಗಿನ ಹುಲ್ಲುಗಾವಲಿನಲ್ಲಿ ಒಂದು ಕಿಲೋಮೀಟರು ಉದ್ದಕ್ಕೆ ಕಾಂಕ್ರೀಟಿನ ಭಾರೀ ಚೌಕಗಳು 15 ಗುಂಪುಗಳಾಗಿ ನಿಂತಿವೆ. ಡಾನ್ ಫ್ಲೇವಿನ್ ಎಂಬವನ ಬಣ್ಣದ ವಿದ್ಯುತ್ ನಳಿಗೆಗಳ ಕೃತಿ ಸೈನಿಕರ ಆರು ವಸತಿಗೃಹಗಳನ್ನು ತುಂಬಿಕೊಂಡಿದೆ. ಕಲಾವಿದ ತೀರಿಕೊಂಡು ನಾಲ್ಕು ವರ್ಷಗಳ ಮೇಲೆ, 2000ದಲ್ಲಿ, ಅದು ಮುಗಿಯಿತು. ಊರೊಳಗಿನ ಉಣ್ಣೆಯ ಗೋದಾಮಿನಲ್ಲಿ ಜಾನ್ ಚೇಂಬರ್ಲೇನ್ ನಜ್ಜುಗುಜ್ಜಾದ ಮೋಟಾರುಗಳ ತಗಡಿನಿಂದ ಮಾಡಿದ ಶಿಲ್ಪಗಳಿವೆ. ಇವೆಲ್ಲ ನನಗೆ ಅಷ್ಟಾಗಿ ಹಿಡಿಸಲಿಲ್ಲ.

ಒಂದು ಮಾತು ಮಾತ್ರ ಹೇಳಲೇಬೇಕು. ಜಡ್ ತನ್ನ ಮನೆಯ ಆವರಣಕ್ಕೆ ಕಟ್ಟಿಸಿದ ಎತ್ತರದ ಮಣ್ಣಿನ ಗೋಡೆಯನ್ನು ನೋಡಿದೆ. ಹಸಿ ಇಟ್ಟಿಗೆಯ ಆ ಸಾಲು ಎಷ್ಟು ನೇರ, ಎಷ್ಟು ಹದ! ಕಲಾವಿದನ ಹೆಸರು ಪ್ರಪಂಚಕ್ಕೆಲ್ಲ ಗೊತ್ತು. ಆ ಇಟ್ಟಿಗೆಯನ್ನು ತುಳಿದು, ಹದಮಾಡಿ, ಒಣಗಿಸಿ, ಜೋಡಿಸಿದವರ ಹೆಸರನ್ನು ಪ್ರವಾಸಿ ಕೇಳುವುದಿಲ್ಲ. ನಮ್ಮ ಶರಣಸಂಕುಲದಲ್ಲಿ ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಕುಂಬಾರ ಗುಂಡಯ್ಯ ಎಂದು ಕಾಯಕವನ್ನೇ ಹೆಸರಿನ ಮುಂದಿಟ್ಟು ಕರೆದರಲ್ಲ, ಆ ವಿವೇಕ ಆ ಗೋಡೆಯ ಮುಂದೆ ನಿಂತಾಗ ನೆನಪಾಯಿತು.

ಕಲೆ ಬಂದ ಮೇಲೆ ಅತಿಥಿಗಳು ಬಂದರು. ಅತಿಥಿಗಳಿಗಾಗಿ ಅಂಗಡಿಗಳೂ ವಸತಿಗೃಹಗಳೂ ಬಂದವು. 1927ರ ನೃತ್ಯಶಾಲೆಯೊಂದು 2003ರಲ್ಲಿ ಬಾಲ್‌ರೂಮ್ ಮಾರ್ಫಾ ಎಂಬ ಕಲಾಕೇಂದ್ರವಾಯಿತು. 2009ರಲ್ಲಿ ಎಲ್ ಕಾಸ್ಮಿಕೊ ಎಂಬ ಬಿಡದಿ ಆರಂಭವಾಯಿತು. ಅಲ್ಲಿ ಕೋಣೆಗಳ ಬದಲು ಡೇರೆಗಳು ಮತ್ತು ಹಳೆಯ ಗಾಲಿಮನೆಗಳು. ಮನೆಯೊಳಗೆ ಮಲಗುವ ಅನುಕೂಲವಿದ್ದವರು ಡೇರೆಯಲ್ಲಿ ಮಲಗಲು ಹಣ ತೆರುವ ಕಾಲ ಇದು. 2016ರಲ್ಲಿ ರೈಲುಹಳಿಯ ಸಮೀಪ ಸೇಂಟ್ ಜಾರ್ಜ್ ಎಂಬ ಹೊಸ ಹೋಟೆಲು ಎದ್ದಿತು. ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ, ವ್ಯಾಲೆಂಟೈನ್ ಎಂಬ ಸಣ್ಣ ಊರಿನ ಬಳಿ, ಸುತ್ತ ಏನೂ ಇಲ್ಲದ ಬಯಲಿನಲ್ಲಿ ಒಂದು ಪಾದರಕ್ಷೆಯ ಅಂಗಡಿಯಿದೆ. 2005ರಲ್ಲಿ ಇಬ್ಬರು ಕಲಾವಿದರು ಕಟ್ಟಿದ 'ಪ್ರಾಡಾ ಮಾರ್ಫಾ' ಅದು. ಒಳಗೆ ಇಟಲಿಯ ದುಬಾರಿ ಚಪ್ಪಲಿಗಳು, ಕೈಚೀಲಗಳು. ಬಾಗಿಲು ಮಾತ್ರ ಎಂದೂ ತೆರೆಯುವುದಿಲ್ಲ. ತೆರೆದ ಕೆಲವೇ ದಿನಗಳಲ್ಲಿ ಕಳ್ಳರು ಗಾಜೊಡೆದು ಎಲ್ಲವನ್ನೂ ಒಯ್ದರು. ಮತ್ತೆ ಜೋಡಿಸುವಾಗ ಬಲಗಾಲಿನ ಚಪ್ಪಲಿಗಳನ್ನಷ್ಟೇ ಇಟ್ಟರಂತೆ! ಐಶ್ವರ್ಯವನ್ನು ಅಣಕಿಸಲು ಕಟ್ಟಿದ ಅಂಗಡಿಯ ಮುಂದೆ ಐಶ್ವರ್ಯವಂತರು ಭಾವಚಿತ್ರ ತೆಗೆಸಿಕೊಳ್ಳುತ್ತಾರೆ.

ಸ್ಥಳೀಯ ವಾರಪತ್ರಿಕೆ 'ಬಿಗ್ ಬೆಂಡ್ ಸೆಂಟಿನೆಲ್' 1926ರಲ್ಲಿ ಆರಂಭವಾದುದು. 2019ರಲ್ಲಿ ಹೊಸ ಒಡೆತನಕ್ಕೆ ಹೋದಾಗ, ಬರಿಯ ಚಂದಾ ಮತ್ತು ಜಾಹೀರಾತುಗಳಿಂದ ಪತ್ರಿಕೆ ಬದುಕದೆಂದು ಅದೇ ಕಟ್ಟಡದಲ್ಲಿ ಕಾಫಿ ಹೋಟೆಲೊಂದನ್ನು ತೆರೆದು ಅದರ ಆದಾಯದಿಂದ ಸುದ್ದಿಮನೆಯನ್ನು ಪೋಷಿಸುವ ಉಪಾಯ ಹೂಡಿದರು. ನಮ್ಮ ಸಂಪಾದಕರು ಈ ಸಾಲನ್ನು ಗಮನಿಸಬಹುದು.

ಇಷ್ಟಾದರೂ ಜನಸಂಖ್ಯೆಯೇಕೆ ಏರಲಿಲ್ಲ? 2000ದಲ್ಲಿ 2,121 ಇದ್ದುದು 2010ರಲ್ಲಿ 1,981, 2020ರಲ್ಲಿ 1,788. ಹೊರಗಿನವರ ಬರವು ಹೆಚ್ಚಿದಂತೆ ಊರಿನವರು ಕಡಿಮೆಯಾದರು. ಕಾರಣವನ್ನು ಆ ಊರಿನ ಮನೆಗಳಲ್ಲಿಯೇ ನೋಡಬೇಕು.

ಅಲ್ಲಿಯ ಬಡವರ ಮನೆಗಳು ಅಡೋಬೆ ಎಂಬ ಹಸಿ ಇಟ್ಟಿಗೆಯವು. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು, ಅಚ್ಚಿಗೆ ಹಾಕಿ, ಬಿಸಿಲಿಗೆ ಒಣಗಿಸಿದ ಇಟ್ಟಿಗೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ತಡೆದು ರಾತ್ರಿಯ ಚಳಿಗೆ ಅದನ್ನೇ ಮರಳಿ ಕೊಡುತ್ತದೆ. ಮಳೆ ಬಿದ್ದರೆ ಕರಗುತ್ತದೆಯಾದ್ದರಿಂದ ಆಗಾಗ ಮಣ್ಣು ಮೆತ್ತುತ್ತಿರಬೇಕು. ಬಿಜಾಪುರ, ಕಲಬುರಗಿ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಇದರ ತಂಪೂ ಗೊತ್ತು, ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮಾಳಿಗೆಯೇರಿ ಮಣ್ಣು ಹಾಕುವ ಶ್ರಮವೂ ಗೊತ್ತು. ಮಾರ್ಫಾದಲ್ಲಿ ಈ ಮನೆಗಳನ್ನು ಕಟ್ಟಿದವರು, ಅವುಗಳಲ್ಲಿ ಬಾಳಿದವರು ಬಹುಪಾಲು ಮೆಕ್ಸಿಕೊ ಮೂಲದ ದುಡಿಯುವ ಜನ. ಜಡ್‌ನಿಗೆ ಈ ಮಣ್ಣು ಪ್ರಿಯವಾಯಿತು. ಅವನಿಗೆ ಪ್ರಿಯವಾದುದು ಅವನನ್ನು ಮೆಚ್ಚಿದವರಿಗೂ ಪ್ರಿಯವಾಯಿತು. ದೂರದ ನಗರಗಳ ಧನಿಕರು ಹಳೆಯ ಮಣ್ಣಿನ ಮನೆಗಳನ್ನು ಕೊಂಡು ಒಪ್ಪಗೊಳಿಸಿದರು. ವರ್ಷದಲ್ಲಿ ಕೆಲವೇ ವಾರ ಅಲ್ಲಿರುತ್ತಾರೆ. ಉಳಿದ ದಿನ ಮನೆ ಬೀಗದಲ್ಲಿರುತ್ತದೆ ಅಥವಾ ದಿನಬಾಡಿಗೆಗೆ ಪ್ರವಾಸಿಗಳ ಕೈಗೆ ಹೋಗುತ್ತದೆ.

ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆಯಿಲ್ಲ. ಶಾಲೆ, ಜಿಲ್ಲಾಡಳಿತಗಳು ಮನೆಜಮೀನಿನ ತೆರಿಗೆಯನ್ನೇ ಬಹುವಾಗಿ ನಂಬಿವೆ. ಈ ಮಣ್ಣಿನ ಮನೆಗಳು ಭಾರೀ ಬೆಲೆಗೆ ಮಾರಾಟವಾಗುವುದನ್ನು ಕಂಡ ಮೌಲ್ಯಮಾಪಕರು, 2010ರ ದಶಕದ ಕೊನೆಯ ವರ್ಷಗಳಲ್ಲಿ, ಅಡೋಬೆ ಮನೆಗಳನ್ನು ಪ್ರತ್ಯೇಕ ವರ್ಗವೆಂದೆಣಿಸಿ ಅವುಗಳ ಮೌಲ್ಯವನ್ನು ಏರಿಸಿದರು. ಧನಿಕನು ಕೊಂಡು ಅಲಂಕರಿಸಿದ ಮನೆಯೂ ಮಣ್ಣು. ಅಜ್ಜ ಕಟ್ಟಿದ, ಅಜ್ಜಿ ಮೆತ್ತಿದ ಮನೆಯೂ ಮಣ್ಣು. ಮಾರುವ ಇಚ್ಛೆಯೇ ಇಲ್ಲದವರಿಗೂ ಮಾರುಕಟ್ಟೆಯ ಬೆಲೆಯ ಮೇಲೆ ತೆರಿಗೆ ಬಿತ್ತು. ಬೇರೇನನ್ನೂ ಕೊಳ್ಳಲಾಗದವನು ಕಟ್ಟಿಕೊಂಡ ಗೋಡೆಯೇ ಅವನ ಸಿರಿವಂತಿಕೆಯ ಸಾಕ್ಷಿಯಾದ ವೈಪರೀತ್ಯವಿದು. ಇದಕ್ಕೆ ಜಡ್‌ನನ್ನು ದೂರುವುದು ನ್ಯಾಯವಲ್ಲ. ಅವನು ಬಾರದಿದ್ದರೆ ಆ ಕಟ್ಟಡಗಳು ಕುಸಿದೇ ಹೋಗುತ್ತಿದ್ದವು. ಹೋಟೆಲುಗಳಲ್ಲಿ, ಅಂಗಡಿಗಳಲ್ಲಿ ಇಂದು ಸಂಬಳ ಪಡೆಯುವವರಿಗೆ ಆ ಸಂಬಳವೂ ಇರುತ್ತಿರಲಿಲ್ಲ. ಆದರೆ ವಸ್ತು ಎಂದೂ ಕದಲದಂತೆ ಅಷ್ಟು ಮುತುವರ್ಜಿಯಿಂದ ನೆಲಕ್ಕೆ ನೆಲೆಗೊಳಿಸಿದ ಊರಿನಲ್ಲಿ ಮನುಷ್ಯರು ಕದಲಬೇಕಾಯಿತೆಂಬುದನ್ನು, ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದ ಪರಂಪರೆಯಲ್ಲಿ ಓದಿಬಂದ ನಾನು ಕಾಣದಂತೆ ದಾಟಿಹೋಗಲಾರೆ.

ಅತಿಥಿಸತ್ಕಾರವೆಂದರೆ ನಮ್ಮ ಮನೆಗಳಲ್ಲಿ ಒಂದು ವ್ರತ. ಹೊತ್ತಲ್ಲದ ಹೊತ್ತಿನಲ್ಲಿ ಜಂಗಮರು ಬಂದರೂ ರೊಟ್ಟಿ ಬಡಿದು ಬಡಿಸಿದ ತಾಯಂದಿರು ಈ ಪುಟವನ್ನು ಓದುತ್ತಿದ್ದಾರೆ. ದಾಸೋಹಕ್ಕೆ ಇಬ್ಬರು ಬೇಕು - ಬಂದವರು ಮತ್ತು ಬರಮಾಡಿಕೊಳ್ಳುವವರು. ಬರಮಾಡಿಕೊಳ್ಳುವವನಿಗೆ ಊರಿನಲ್ಲಿ ಮನೆಯಿರಬೇಕು, ಒಲೆಯಿರಬೇಕು, ಮಕ್ಕಳು ಅಲ್ಲಿಯ ಶಾಲೆಗೆ ಹೋಗುತ್ತಿರಬೇಕು. ಒಂದೊಂದು ಮನೆಯೂ ಬಾಡಿಗೆಯ ಕೋಣೆಯಾದರೆ ಬಂದವರು ಬಂದವರನ್ನೇ ಕಂಡು ಹಿಂದಿರುಗುತ್ತಾರೆ. ಅಮೆರಿಕದ ವಸತಿಗೃಹಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಭಾರತೀಯ ಮೂಲದವರ, ಅದರಲ್ಲೂ ಗುಜರಾತಿಗಳ ಒಡೆತನದಲ್ಲಿವೆ. ಮೊದಲ ತಲೆಮಾರಿನ ಅನೇಕ ಕುಟುಂಬಗಳು ಮೋಟೆಲಿನ ಒಂದು ಭಾಗದಲ್ಲಿ ತಾವೇ ವಾಸಿಸಿ, ಹಾಸಿಗೆಯ ಹೊದಿಕೆಯನ್ನು ತಾವೇ ಒಗೆದು ಮೇಲೆ ಬಂದವು. ಅದರಲ್ಲಿ ವ್ಯಾಪಾರವುಂಟು, ಜೊತೆಗೆ ಒಂದು ಸಂಸಾರವೂ ಉಂಟು. ಬೀಗದ ಸಂಖ್ಯೆಯನ್ನು ದೂರವಾಣಿಗೆ ಕಳುಹಿಸಿ, ಒಡೆಯ ಎಂದೂ ಮುಖ ತೋರದ ಮನೆಯಲ್ಲಿ ಅದಿಲ್ಲ.

ಪ್ರವಾಸಿಗಳ ಪುಸ್ತಿಕೆಗಳಲ್ಲಿ ಬಹುಕಾಲ ಸರಿಯಾಗಿ ಕಾಣಿಸದಿದ್ದ ಒಂದು ಕಟ್ಟಡವನ್ನು ಕುರಿತು ಹೇಳಬೇಕು. ಅದು ಬ್ಲ್ಯಾಕ್‌ವೆಲ್ ಶಾಲೆ, 1909ರಲ್ಲಿ ಕಟ್ಟಿದ ಅಡೋಬೆ ಕಟ್ಟಡ. ಮೆಕ್ಸಿಕೊ ಮೂಲದ ಮಕ್ಕಳನ್ನು ಬಿಳಿಯರ ಮಕ್ಕಳಿಂದ ಬೇರ್ಪಡಿಸಿ ಅಲ್ಲಿ ಓದಿಸುತ್ತಿದ್ದರು. ಶಾಲೆಯೊಳಗೆ ಮನೆಮಾತಾದ ಸ್ಪ್ಯಾನಿಷ್ ಆಡುವಂತಿಲ್ಲ, ಆಡಿದರೆ ಪೆಟ್ಟು. 1954ರಲ್ಲಿ ಒಂದು ದಿನ ಮಕ್ಕಳ ಕೈಯಲ್ಲಿ ಚೀಟಿಗಳ ಮೇಲೆ ಸ್ಪ್ಯಾನಿಷ್ ಮಾತುಗಳನ್ನು ಬರೆಯಿಸಿ, ಪೆಟ್ಟಿಗೆಯಲ್ಲಿ ಹಾಕಿಸಿ, ಶಾಲೆಯ ಅಂಗಳದಲ್ಲಿ ಗುಂಡಿ ತೋಡಿ ಹೂಳಿಸಿದರು. ತಾಯಿಯ ಮಾತಿಗೆ ಮಕ್ಕಳಿಂದಲೇ ಅಂತ್ಯಕ್ರಿಯೆ! ಕನ್ನಡದಲ್ಲಿ ಮಾತಾಡಿದ್ದಕ್ಕೆ ದಂಡ ವಿಧಿಸುವ ಶಾಲೆಗಳಿಗೆ ಮೊಮ್ಮಕ್ಕಳನ್ನು ಕಳುಹಿಸುವ ನಮಗೆ ಇದು ತೀರ ದೂರದ ಕಥೆಯೇನಲ್ಲ. 1965ರಲ್ಲಿ ಆ ಶಾಲೆ ಮುಚ್ಚಿತು. ಅಲ್ಲಿ ಓದಿದವರು ವೃದ್ಧರಾದ ಮೇಲೆ ಒಂದುಗೂಡಿ ಕಟ್ಟಡವನ್ನು ಕೆಡವದಂತೆ ಕಾಪಾಡಿಕೊಂಡರು. 2007ರಲ್ಲಿ ಅದೇ ಅಂಗಳದಲ್ಲಿ ಸೇರಿ, ಹೂತಿದ್ದ ಮಾತನ್ನು ಸಾಂಕೇತಿಕವಾಗಿ ಅಗೆದು ಮೇಲೆತ್ತಿದರು. 2022ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರು ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವಾಗಿಸುವ ಕಾಯಿದೆಗೆ ಸಹಿ ಹಾಕಿದರು. 2024ರಲ್ಲಿ ಅದು ವಿಧಿವತ್ತಾಗಿ ಜಾರಿಗೆ ಬಂದಿತು.

ಚಿನಾಟಿಯಲ್ಲಿ ಇನ್ನೊಂದು ಶಾಲೆಯಿದೆ. ರಷ್ಯದ ಇಲ್ಯಾ ಕಬಕೋವ್ ಎಂಬ ಕಲಾವಿದ 1993ರಲ್ಲಿ ಸೈನಿಕರ ಒಂದು ವಸತಿಗೃಹವನ್ನು ಪಾಳುಬಿದ್ದ ಸೋವಿಯತ್ ಶಾಲೆಯಂತೆ ರೂಪಿಸಿದ್ದಾನೆ - ಮುರಿದ ಮೇಜು, ಚದುರಿದ ಪುಸ್ತಕ, ಧೂಳು. ಅದು ಕಲೆಯಾಗಿ ಮನಮುಟ್ಟುವಂಥದೇ. ನಿಜವಾಗಿ ಪಾಳುಬೀಳುತ್ತಿದ್ದ ಶಾಲೆ ಅದೇ ಊರಿನಲ್ಲಿ ಆಗ ಇತ್ತು. ಎರಡನ್ನೂ ಒಂದೇ ದಿನ ನೋಡಬೇಕೆಂದು ಹೋಗುವವರಿಗೆ ನನ್ನ ಸಲಹೆ.

ಹೋಗುವವರಿಗೆ ಇನ್ನೂ ಒಂದೆರಡು ಸೂಚನೆಗಳು. ವಾರಾಂತ್ಯಕ್ಕೆ ಹೋಗಿರಿ, ವಾರದ ನಡುವೆ ಅನೇಕ ಅಂಗಡಿ, ಊಟದ ಮನೆಗಳು ಮುಚ್ಚಿರುತ್ತವೆ. ಚಿನಾಟಿಯ ವೀಕ್ಷಣೆಗೆ ಮೊದಲೇ ಹೆಸರು ಕೊಟ್ಟಿರಬೇಕು. ಮೆಕ್ಸಿಕೊ ಶೈಲಿಯ ಊಟದಲ್ಲಿ ಮೆಕ್ಕೆಜೋಳದ ತೆಳ್ಳನೆಯ ರೊಟ್ಟಿ ನಮಗೆ ಒಗ್ಗುತ್ತದೆ, ಆದರೆ ಜೊತೆಗೆ ಬರುವ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿಯುಂಟು, ಕೇಳಿಯೇ ತೆಗೆದುಕೊಳ್ಳಬೇಕು. ಮರುಭೂಮಿಯಾದರೂ ರಾತ್ರಿ ಚಳಿ ಹೆಚ್ಚು, ಕಂಬಳಿ ಇರಲಿ. ಊರಿಂದ ಪೂರ್ವಕ್ಕೆ ಒಂಬತ್ತು ಮೈಲಿಯ ಮೇಲೆ, ರಾತ್ರಿ ದಿಗಂತದಲ್ಲಿ ತೇಲುವ ನಿಗೂಢ ದೀಪಗಳನ್ನು ತೋರಿಸುವ ಕಟ್ಟೆಯೊಂದಿದೆ. 2004ರಲ್ಲಿ ಕಾಲೇಜು ವಿದ್ಯಾರ್ಥಿಗಳು ಅಳೆದು ನೋಡಿ, ಅವು ದೂರದ ಹೆದ್ದಾರಿಯ ಮೋಟಾರುಗಳ ದೀಪಗಳೆಂದರು. ನಕ್ಷತ್ರಗಳು ಮಾತ್ರ ಅಲ್ಲಿ ನಿಜವಾಗಿಯೂ ಕೈಗೆ ಸಿಗುವಂತಿರುತ್ತವೆ. ಮಕ್ಕಳ ಕಾರು ಇಲ್ಲದೆ ರೈಲಿನಲ್ಲಿ ಹೋಗುವ ಉತ್ಸಾಹವುಳ್ಳವರು 26 ಮೈಲಿ ಮೊದಲೇ ಆಲ್ಪೈನ್‌ನಲ್ಲಿ ಇಳಿಯಬೇಕು. ರೈಲಿಗೆ ನೀರು ಕೊಡಲೆಂದು ಹುಟ್ಟಿದ ಮಾರ್ಫಾದಲ್ಲಿ ಈಗ ಪ್ರಯಾಣಿಕರ ರೈಲು ನಿಲ್ಲುವುದಿಲ್ಲ; ಸರಕುಬಂಡಿಗಳು ಮಾತ್ರ ರಾತ್ರಿಯೆಲ್ಲ ಕೂಗುತ್ತ ಹಾದುಹೋಗುತ್ತವೆ.